ರಕ್ತದಲ್ಲಿ ಸೀಸ 12.4, ಹಿಮೋಗ್ಲೋಬಿನ್ 9.1: ಮೂರು ವರ್ಷದ ಮಗುವಿಗೆ ಊಟದಿಂದ ಎಷ್ಟು ಸಾಧ್ಯ?

ಸೂಜಿಮಲ್ಲಿಗೆ (ಡಯಟೀಷಿಯನ್) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಒಂದು ಮಗುವಿಗೆ ಆಹಾರದ ಪಟ್ಟಿ ಬರೆಯಬೇಕಿದೆ. ಬರೆಯುವ ಮೊದಲು ಈ ವಿಷಯದಲ್ಲಿ ಪಳಗಿದವರ ಮಾತು ಕೇಳೋಣ ಅಂತ ಬಂದೆ.

ಹೆಣ್ಣು ಮಗು, 3 ವರ್ಷ 2 ತಿಂಗಳು, ತೂಕ 12 ಕೆ.ಜಿ. ರಕ್ತನಾಳದಿಂದ ತೆಗೆದ ರಕ್ತದಲ್ಲಿ ಸೀಸ (ಲೆಡ್) ಡೆಸಿಲೀಟರಿಗೆ 12.4 ಮೈಕ್ರೊಗ್ರಾಂ. ಹಿಮೋಗ್ಲೋಬಿನ್ 9.1, ಫೆರಿಟಿನ್ (ದೇಹದಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ) 7, ಸಿಆರ್‌ಪಿ (ಉರಿಯೂತ ಇದೆಯೇ ಎಂದು ತಿಳಿಸುವ ಪರೀಕ್ಷೆ) ನಾರ್ಮಲ್. ತಂದೆಯದು ಇನ್ವರ್ಟರ್ ಬ್ಯಾಟರಿ ರಿಪೇರಿ ಕೆಲಸ, ಅಂಗಡಿ ಮನೆಗೆ ಅಂಟಿಕೊಂಡೇ ಇದೆ. ತಾಯಿ ಐದು ತಿಂಗಳ ಬಸುರಿ. ಮಗುವಿಗೆ ಗೋಡೆ ಕೆರೆದು ತಿನ್ನುವ ಚಟ ಇದೆ.

ಊಟ ಹೀಗಿದೆ: ಬೆಳಿಗ್ಗೆ ಎದ್ದಕೂಡಲೇ ಟೀ, ಜೊತೆಗೆ ರಸ್ಕ್. ಒಂಬತ್ತೂವರೆ ಹತ್ತಕ್ಕೆ ಚಿತ್ರಾನ್ನವೋ ಇಡ್ಲಿಯೋ. ಅಂಗನವಾಡಿಗೆ ವಾರಕ್ಕೆ ಎರಡು ಮೂರು ದಿನ ಹೋದರೆ ಹೆಚ್ಚು. ಸಂಜೆ ಮತ್ತೆ ಟೀ. ರಾತ್ರಿ ಅರ್ಧ ಮುದ್ದೆ, ತೆಳ್ಳಗಿನ ಸಾರು. ಹಾಲು ಟೀಗೆ ಬೀಳುವಷ್ಟೇ.

ನನ್ನ ಪ್ರಶ್ನೆಗಳು: ಕಬ್ಬಿಣಾಂಶ, ಕ್ಯಾಲ್ಸಿಯಂ, ವಿಟಮಿನ್ ಸಿ ಹೆಚ್ಚಿಸಿದರೆ ಸೀಸದ ಅಂಕಿ ನಿಜಕ್ಕೂ ಎಷ್ಟು ಇಳಿಯುತ್ತದೆ? ಕ್ಯಾಲ್ಸಿಯಂ ಕೊಟ್ಟರೆ ಕಬ್ಬಿಣ ಹೀರುವುದಿಲ್ಲ ಅನ್ನುತ್ತಾರೆ, ಹಾಗಾದರೆ ಎರಡನ್ನೂ ಒಂದೇ ದಿನದಲ್ಲಿ ಹೇಗೆ ಹೊಂದಿಸುವುದು? ರಾಗಿಯಲ್ಲಿ ಫೈಟೇಟ್ (ಕಬ್ಬಿಣ ಹೀರದಂತೆ ತಡೆಯುವ ಅಂಶ) ಇದೆ ಎಂದು ಬಿಡಿಸಬೇಕೇ? ಕೊತ್ತಂಬರಿ ಸೊಪ್ಪಿನ ರಸ ಕುಡಿಸಿದರೆ ಸೀಸ ಇಳಿಯುತ್ತದೆ ಎಂಬ ವಿಡಿಯೊ ನೋಡಿ ಆ ತಾಯಿ ದಿನಾ ಕುಡಿಸುತ್ತಿದ್ದಾರೆ. ಅದಕ್ಕೇನು ಹೇಳಲಿ?


ಮಕ್ಕಳವಾರ್ಡ್ (ಮಕ್ಕಳ ವೈದ್ಯ) ಉತ್ತರ:

ಮೇಡಂ, ಈ ಮಗುವಿನ ವಿಷಯದಲ್ಲಿ ಪೋಷಕಾಂಶಗಳೆಲ್ಲ ಒಂದೇ ತೂಕದವಲ್ಲ. ಕಬ್ಬಿಣದ ಕೊರತೆ ಮೊದಲು, ಖಾಲಿ ಹೊಟ್ಟೆ ಎರಡನೆಯದು, ಕ್ಯಾಲ್ಸಿಯಂ ಮೂರನೆಯದು. ಉಳಿದದ್ದು ಇವುಗಳ ಬೆನ್ನಿಗೆ.

ಬಾಯಿಗೆ ಹೋದ ಸೀಸದಲ್ಲಿ ದೊಡ್ಡವರ ಕರುಳು ಸುಮಾರು ಹತ್ತನೇ ಒಂದು ಪಾಲು ಹೀರಿದರೆ ಚಿಕ್ಕ ಮಕ್ಕಳ ಕರುಳು ಶೇ. 40ರಿಂದ 50ರಷ್ಟು ಹೀರುತ್ತದೆ. ಕಬ್ಬಿಣ ಕಡಿಮೆಯಾದ ದೇಹ, ಸಿಕ್ಕಷ್ಟು ಕಬ್ಬಿಣ ಎಳೆದುಕೊಳ್ಳಲೆಂದು ಸಣ್ಣಕರುಳಿನ ಗೋಡೆಯಲ್ಲಿ ಡಿಎಂಟಿ-1 ಎಂಬ ಸಾಗಣೆ ಪ್ರೋಟೀನನ್ನು ಹೆಚ್ಚಿಸಿಕೊಳ್ಳುತ್ತದೆ. ಆ ಪ್ರೋಟೀನಿಗೆ ಕಬ್ಬಿಣ ಯಾವುದು, ಸೀಸ ಯಾವುದು ಎಂಬ ಭೇದ ಚೆನ್ನಾಗಿ ಗೊತ್ತಾಗುವುದಿಲ್ಲ. ಸೀಸಕ್ಕೆ ಅದೊಂದೇ ದಾರಿಯೇನಲ್ಲ, ಆದರೆ ಕೊರತೆ ಇರುವ ಮಗುವಿನಲ್ಲಿ ಆ ದಾರಿ ಅಗಲವಾಗಿರುತ್ತದೆ. ಒಳಗೆ ಹೋದ ಸೀಸ ಮತ್ತೆ ಹೀಮ್ (ಹಿಮೋಗ್ಲೋಬಿನ್ನಿನ ಕಬ್ಬಿಣವಿರುವ ಭಾಗ) ತಯಾರಿಸುವ ಕಿಣ್ವಗಳನ್ನೇ ತಡೆಯುತ್ತದೆ, ರಕ್ತಹೀನತೆ ಇನ್ನೂ ಹೆಚ್ಚುತ್ತದೆ. ಇನ್ನೊಂದು ಸುತ್ತೂ ಇದೆ: ಕಬ್ಬಿಣ ಕಡಿಮೆಯಾದ ಮಕ್ಕಳೇ ಮಣ್ಣು, ಬಳಪ, ಗೋಡೆ ತಿನ್ನುವುದು ಹೆಚ್ಚು. ನೀವು ‘ಚಟ’ ಎಂದು ಬರೆದದ್ದು ಬಹುಶಃ ಫೆರಿಟಿನ್ 7ರ ಇನ್ನೊಂದು ಮುಖ. ಕಬ್ಬಿಣ ತುಂಬಿದಮೇಲೆ ಗೋಡೆ ಕೆರೆಯುವುದು ತಾನಾಗಿ ಕಡಿಮೆಯಾಗುವುದುಂಟು. ಅದರ ಲಾಭ ಕರುಳಿನೊಳಗಿನ ಲಾಭಕ್ಕಿಂತ ದೊಡ್ಡದು ಎಂದೇ ನನ್ನ ಎಣಿಕೆ.

ಎಷ್ಟು ಇಳಿಯುತ್ತದೆ ಎಂದು ಕೇಳಿದಿರಿ. ನಮ್ಮ ಬೆಂಗಳೂರಿನಲ್ಲೇ ಮಾಡಿ 2006ರಲ್ಲಿ ಪ್ರಕಟವಾದ ಪ್ರಯೋಗ ಒಂದಿದೆ. ಕಬ್ಬಿಣದ ಕೊರತೆಯಿದ್ದ ಶಾಲಾ ಮಕ್ಕಳಿಗೆ 16 ವಾರ ಮಧ್ಯಾಹ್ನದ ಊಟದಲ್ಲಿ ದಿನಕ್ಕೆ ಸುಮಾರು 15 ಮಿ.ಗ್ರಾಂ ಕಬ್ಬಿಣ ಸೇರಿಸಿದ ಅಕ್ಕಿಯ ಅನ್ನ ಕೊಟ್ಟರು. ರಕ್ತದಲ್ಲಿ ಸೀಸ 10 ಅಥವಾ ಹೆಚ್ಚು ಇದ್ದ ಮಕ್ಕಳ ಪಾಲು ಆ ಗುಂಪಿನಲ್ಲಿ ಶೇ. 65ರಿಂದ 29ಕ್ಕೆ ಇಳಿಯಿತು. ಒಳ್ಳೆಯ ಫಲಿತಾಂಶವೇ. ಆದರೆ ಮೆಕ್ಸಿಕೋದ ಟೊರಿಯೋನ್‌ನಲ್ಲಿ ಸೀಸ ಕರಗಿಸುವ ಕಾರ್ಖಾನೆಯ ಪಕ್ಕದ ಶಾಲೆಗಳ ಒಂದನೇ ತರಗತಿ ಮಕ್ಕಳಿಗೆ ಆರು ತಿಂಗಳು ದಿನಾ 30 ಮಿ.ಗ್ರಾಂ ಕಬ್ಬಿಣ, 30 ಮಿ.ಗ್ರಾಂ ಸತು ಕೊಟ್ಟು ನೋಡಿದಾಗ ಹೇಳಿಕೊಳ್ಳುವಂಥ ಇಳಿಕೆ ಕಾಣಲಿಲ್ಲ. ಅಲ್ಲಿನ ಹೆಚ್ಚಿನ ಮಕ್ಕಳಿಗೆ ರಕ್ತಹೀನತೆ ಇರಲಿಲ್ಲ, ಕಾರ್ಖಾನೆ ಪಕ್ಕದಲ್ಲೇ ಇತ್ತು. ಎರಡನ್ನೂ ಸೇರಿಸಿ ಓದಿದರೆ ಅರ್ಥ ಸ್ಪಷ್ಟ: ಕೊರತೆ ಇದ್ದವರಿಗೆ ಕಬ್ಬಿಣ ಕೆಲಸಕ್ಕೆ ಬರುತ್ತದೆ, ಕೊರತೆ ಇಲ್ಲದವರಿಗೆ ಸುರಿದರೆ ಬರುವುದಿಲ್ಲ. ನಿಮ್ಮ ಮಗು ಮೊದಲನೆಯ ಗುಂಪಿನದು.

ಕ್ಯಾಲ್ಸಿಯಂ ವಿಷಯದಲ್ಲಿ ಉತ್ಸಾಹ ಸ್ವಲ್ಪ ಕಡಿಮೆ ಇರಲಿ. 1ರಿಂದ 6 ವರ್ಷದ ಮಕ್ಕಳಿಗೆ ದಿನಕ್ಕೆ ಒಟ್ಟು 1,800 ಮಿ.ಗ್ರಾಂ ಆಗುವಂತೆ ಮೂರು ತಿಂಗಳು ಕೊಟ್ಟ ಅಮೆರಿಕದ ಪ್ರಯೋಗದಲ್ಲಿ (2004) ಸೀಸ ಹೆಚ್ಚಿಗೇನೂ ಇಳಿಯಲಿಲ್ಲ. ಹಾಗಾಗಿ ಈ ವಯಸ್ಸಿಗೆ ಬೇಕಾದ ದಿನದ 500 ಮಿ.ಗ್ರಾಂ ಮುಟ್ಟಿಸಿ, ಅದರಾಚೆ ಮಾತ್ರೆ ಬೇಡ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿ ಹೇಳುವುದೂ ಇದನ್ನೇ: 10 ವರ್ಷದೊಳಗಿನ ಮಗುವಿಗೆ ಸೀಸ 5 ಅಥವಾ ಹೆಚ್ಚಿದ್ದು, ಕ್ಯಾಲ್ಸಿಯಂ ಅಥವಾ ಕಬ್ಬಿಣ ಸಾಲದೆ ಇದ್ದರೆ ಕೊಡಿ.

ಡೋಸ್: ಈ ಮಟ್ಟದ ರಕ್ತಹೀನತೆಗೆ ದಿನಕ್ಕೆ ಕೆ.ಜಿ.ಗೆ 3 ಮಿ.ಗ್ರಾಂ ಎಲಿಮೆಂಟಲ್ ಕಬ್ಬಿಣ (ಲವಣದ ತೂಕ ಬಿಟ್ಟು ಬರೀ ಕಬ್ಬಿಣದ ತೂಕ). 12 ಕೆ.ಜಿ.ಗೆ 36 ಮಿ.ಗ್ರಾಂ. ಸರ್ಕಾರಿ ಐಎಫ್‌ಎ (ಕಬ್ಬಿಣ, ಫೋಲಿಕ್ ಆಮ್ಲದ) ಸಿರಪ್‌ನಲ್ಲಿ 1 ಮಿ.ಲೀ.ಗೆ 20 ಮಿ.ಗ್ರಾಂ, ಅಂದರೆ 1.8 ಮಿ.ಲೀ. ಅಂಗಡಿ ಸಿರಪ್‌ಗಳ ಸಾಂದ್ರತೆ ಒಂದೊಂದರದು ಒಂದೊಂದು ಥರ. ಲೇಬಲ್‌ನಲ್ಲಿ ಲವಣದ ತೂಕ ದೊಡ್ಡದಾಗಿ ಬರೆದು ಎಲಿಮೆಂಟಲ್ ಕಬ್ಬಿಣ ಸಣ್ಣಕ್ಷರದಲ್ಲಿರುತ್ತದೆ, ಲೆಕ್ಕ ತಪ್ಪುವುದು ಅಲ್ಲೇ. ಚಿಕಿತ್ಸೆಯ ಡೋಸ್ ನಡೆಯುತ್ತಿರುವಾಗ ವಾರಕ್ಕೆರಡು ಸಲದ 1 ಮಿ.ಲೀ. ತಡೆ ಡೋಸ್ ಪ್ರತ್ಯೇಕ ಬೇಡ, ಆಶಾ ಅವರಿಗೆ ಹೇಳಿಬಿಡಿ. ಕಳೆದ ಆರು ತಿಂಗಳಲ್ಲಿ ಜಂತುಹುಳು ಮಾತ್ರೆ ಕೊಟ್ಟಿಲ್ಲದಿದ್ದರೆ ಆಲ್ಬೆಂಡಜೋಲ್ 400 ಮಿ.ಗ್ರಾಂ ಒಮ್ಮೆ, ಅಗಿಸಿ ಅಥವಾ ಪುಡಿಮಾಡಿ ನೀರಿನಲ್ಲಿ.

ಶೀಶೆ ಮೇಲಿನ ಕಪಾಟಿನಲ್ಲಿರಲಿ. 50 ಮಿ.ಲೀ. ಶೀಶೆಯಲ್ಲಿ 1,000 ಮಿ.ಗ್ರಾಂ ಕಬ್ಬಿಣ ಇದೆ. ಸಿಹಿ ಎಂದು ಮಗು ಪೂರ್ತಿ ಕುಡಿದರೆ ಕೆ.ಜಿ.ಗೆ 80 ದಾಟುತ್ತದೆ, 60 ದಾಟಿದರೇ ಜೀವಕ್ಕೆ ಅಪಾಯ.

ಒಂದು ತಿಂಗಳಲ್ಲಿ ಹಿಮೋಗ್ಲೋಬಿನ್ ಕನಿಷ್ಠ 1 ಗ್ರಾಂ ಏರಬೇಕು. ಏರದಿದ್ದರೆ ಸಿರಪ್ ನಿಜಕ್ಕೂ ಹೊಟ್ಟೆಗೆ ಹೋಗುತ್ತಿದೆಯೇ ಎಂದು ಮೊದಲು ನೋಡಿ, ಆಮೇಲೆ ತಲಸ್ಸೀಮಿಯಾ (ವಂಶದಿಂದ ಬರುವ ರಕ್ತದ ದೋಷ) ಲಕ್ಷಣ ಹುಡುಕಬೇಕು. ಸೀಸವನ್ನು ಒಂದರಿಂದ ಮೂರು ತಿಂಗಳೊಳಗೆ ಮತ್ತೆ ಅಳೆಯಿರಿ. ರಕ್ತದ ಸೀಸ ಅರ್ಧಕ್ಕೆ ಬರಲು ಸುಮಾರು ಒಂದು ತಿಂಗಳು ಬೇಕು, ಆದರೆ ಮೂಳೆಯಲ್ಲಿ ಕೂತದ್ದು ಸ್ವಲ್ಪ ಸ್ವಲ್ಪ ಹೊರಗೆ ಬರುತ್ತಲೇ ಇರುವುದರಿಂದ ನೇರ ಲೆಕ್ಕದಂತೆ ಇಳಿಯದು.

ಸೀಸ ಹೊರಹಾಕುವ ಔಷಧ ಬೇಕೇ ಎಂದು ಮನೆಯವರು ಕೇಳುತ್ತಾರೆ. 45ರಿಂದ ಮೇಲಕ್ಕೆ ಖಂಡಿತ ಬೇಕು. 12.4ಕ್ಕೆ ಬೇಡ. 20ರಿಂದ 44ರ ನಡುವಿನ 780 ಮಕ್ಕಳಿಗೆ ಸಕ್ಸಿಮರ್ ಕೊಟ್ಟು ನೋಡಿದ ದೊಡ್ಡ ಪ್ರಯೋಗದಲ್ಲಿ ರಕ್ತದ ಅಂಕಿ ಇಳಿಯಿತು, ಬುದ್ಧಿಶಕ್ತಿಯ ಪರೀಕ್ಷೆಗಳಲ್ಲಿ ಮಾತ್ರ ವ್ಯತ್ಯಾಸ ಬರಲಿಲ್ಲ.

ಕೊತ್ತಂಬರಿ: 3ರಿಂದ 7 ವರ್ಷದ ಮಕ್ಕಳ ಮೇಲೆ ಪರೀಕ್ಷಿಸಿದ್ದಾರೆ, ಔಷಧವಿಲ್ಲದ ನಕಲಿ ಡೋಸ್ ಕೊಟ್ಟವರಿಗಿಂತ ಹೆಚ್ಚೇನೂ ಇಳಿಯಲಿಲ್ಲ. ಸಾರಿಗೆ ಹಾಕಿಕೊಳ್ಳಲಿ, ಬೆಳಿಗ್ಗೆ ಖಾಲಿ ಹೊಟ್ಟೆಗೆ ರಸ ಬೇಡ. ಆ ಹೊತ್ತಿಗೆ ಬೇಕಾದದ್ದು ಗಟ್ಟಿ ಆಹಾರ.


ರಾಗಿಕಣ (ಪೋಷಣ ವಿಭಾಗ) ಉತ್ತರ:

ಡಾಕ್ಟ್ರು ಕೊನೆಗೆ ಹೇಳಿದ್ದನ್ನೇ ನಾನು ಮೊದಲಿಗೆ ಹಿಡಿಯುತ್ತೇನೆ. ದೊಡ್ಡವರ ಮೇಲಿನ ಅಳತೆಗಳಲ್ಲಿ, ಉಪವಾಸದ ಹೊಟ್ಟೆಗೆ ಹೋದ ಸೀಸದಲ್ಲಿ ಅರ್ಧಕ್ಕಿಂತ ಹೆಚ್ಚು ರಕ್ತ ಸೇರಿದೆ. ಊಟದ ಜೊತೆ ಹೋದಾಗ ಸೇರಿದ್ದು ಕೆಲವೇ ಶೇಕಡಾ. ಈ ಮಗು ಬೆಳಿಗ್ಗೆ ಟೀ ಕುಡಿದು ಅಂಗಡಿ ಮುಂದಿನ ನೆಲದಲ್ಲಿ ಆಡಿ, ಹತ್ತು ಗಂಟೆಗೆ ತಿಂಡಿಗೆ ಬರುತ್ತದೆ. ಬೆರಳಿನ ಧೂಳು ಹೊಟ್ಟೆಗೆ ಹೋಗುವುದು ಆ ಮೂರು ಗಂಟೆಯಲ್ಲೇ. ಆದ್ದರಿಂದ ಪಟ್ಟಿಯ ಮೊದಲ ಸಾಲು ‘ಏನು’ ಅನ್ನುವುದಕ್ಕಿಂತ ‘ಯಾವಾಗ’ ಅನ್ನುವುದಿರಲಿ. ಎದ್ದು ಮುಖ ಕೈ ತೊಳೆದ ಅರ್ಧ ಗಂಟೆಯೊಳಗೆ, ಹೊಸಿಲು ದಾಟುವ ಮೊದಲು, ಹೊಟ್ಟೆಗೆ ಏನಾದರೂ ಬಿದ್ದಿರಬೇಕು. ಆಮೇಲೆ ಹಗಲು ಎರಡೂವರೆ ಮೂರು ಗಂಟೆಗೊಮ್ಮೆ.

ರಾಗಿ ಬಿಡಿಸಬೇಡಿ, ದಯವಿಟ್ಟು. 100 ಗ್ರಾಂ ರಾಗಿಯಲ್ಲಿ ಸುಮಾರು 360 ಮಿ.ಗ್ರಾಂ ಕ್ಯಾಲ್ಸಿಯಂ ಇದೆ, ಬೇರೆ ಯಾವ ಧಾನ್ಯವೂ ಹತ್ತಿರ ಬರುವುದಿಲ್ಲ. ಫೈಟೇಟ್ ಕಡಿಮೆ ಮಾಡಲು ನಮ್ಮ ಅಜ್ಜಿಯರ ದಾರಿಯೇ ಸಾಕು. ರಾಗಿಯನ್ನು ಮೂರು ನಾಲ್ಕು ನೀರಿನಲ್ಲಿ ಕಲ್ಲು ಮಣ್ಣು ಹೋಗುವಂತೆ ತೊಳೆದು (ರಸ್ತೆಯ ಮೇಲೆ ಹರಡಿ ಒಕ್ಕಿದ ರಾಗಿಯಾದರೆ ಇದನ್ನು ತಪ್ಪಿಸಲೇಬಾರದು), 12 ಗಂಟೆ ನೆನೆಸಿ, ನೀರು ಬಸಿದು, ಒದ್ದೆ ಬಿಳಿಬಟ್ಟೆಯಲ್ಲಿ ಕಟ್ಟಿ 24ರಿಂದ 36 ಗಂಟೆ ಬಿಡಿ. ಬಟ್ಟೆ ಒಣಗಿದಾಗಲೆಲ್ಲ ನೀರು ಚಿಮುಕಿಸಿ. ಮೊಳಕೆ ಒಂದು ಭತ್ತದ ಕಾಳಿನುದ್ದ ಬಂದರೆ ಸಾಕು. ಹೆಚ್ಚು ಬಿಟ್ಟರೆ ಹುಳಿ ವಾಸನೆ ಬರುತ್ತದೆ, ಮಳೆಗಾಲದಲ್ಲಿ ಬೂಸ್ಟು ಹಿಡಿಯುತ್ತದೆ. ಮನೆಯೊಳಗೆ ಫ್ಯಾನಿನ ಕೆಳಗೆ ಒಣಗಿಸಿ, ಸಣ್ಣ ಉರಿಯಲ್ಲಿ ಘಮ ಬರುವವರೆಗೆ ಹುರಿದು ಬೀಸಿಸಿ. ಈ ಮನೆಯ ಮಟ್ಟಿಗೆ ಅಂಗಳ, ತಾರಸಿ ಬೇಡ. ಬ್ಯಾಟರಿ ಅಂಗಡಿಯ ಧೂಳು ರಾಗಿಯ ಮೇಲೇ ಕೂರುತ್ತದೆ.

ದಿನದ ಲೆಕ್ಕ ಹೀಗೆ ಬರುತ್ತದೆ. ಬೆಳಿಗ್ಗೆ ಏಳಕ್ಕೆ ಮೊಳಕೆ ರಾಗಿ ಹಿಟ್ಟು 20 ಗ್ರಾಂ (ತುಂಬಿದ ಎರಡು ಊಟದ ಚಮಚ), ನೀರಿನಲ್ಲಿ ಗಂಟಿಲ್ಲದಂತೆ ಕುದಿಸಿ 100 ಮಿ.ಲೀ. ಹಾಲು ಸೇರಿಸಿದ ಗಂಜಿ. ಒಂಬತ್ತಕ್ಕೆ ತಿಂಡಿ. ಅಂಗನವಾಡಿಗೆ ದಿನಾ ಹೋದರೆ ಕ್ಷೀರಭಾಗ್ಯದ 150 ಮಿ.ಲೀ. ಹಾಲು, ಮಧ್ಯಾಹ್ನದ ಬಿಸಿಯೂಟ, ಮೊಟ್ಟೆಯ ದಿನ ಮೊಟ್ಟೆ ಸಿಗುತ್ತದೆ. ಈ ಮನೆಯಲ್ಲಿ ಅಂಗನವಾಡಿಯ ಇನ್ನೊಂದು ಲಾಭ, ಮಗು ಐದಾರು ಗಂಟೆ ಆ ಅಂಗಡಿಯಿಂದ ದೂರ ಇರುತ್ತದೆ. ನನ್ನ ಕೇಳಿದರೆ ಇಡೀ ಪಟ್ಟಿಯಲ್ಲಿ ಇದಕ್ಕಿಂತ ಅಗ್ಗದ, ಗಟ್ಟಿಯಾದ ಸಲಹೆ ಇಲ್ಲ.

ಸಂಜೆ ನಾಲ್ಕಕ್ಕೆ ಕಬ್ಬಿಣದ ಸಿರಪ್. ಹಾಲಿನಿಂದ ಎರಡು ಗಂಟೆ ದೂರ ಆದಹಾಗಾಯಿತು, ಮೊದಲೇ ಊಟವೂ ಆಗಿರುತ್ತದೆ. ಜೊತೆಗೆ ಕಾಲುಭಾಗ ಸೀಬೆಹಣ್ಣು, ಇಲ್ಲವೇ ಅರ್ಧ ಬೆಟ್ಟದ ನೆಲ್ಲಿಕಾಯಿ. 25 ಗ್ರಾಂ ಸೀಬೆಯಲ್ಲೇ ಸುಮಾರು 50 ಮಿ.ಗ್ರಾಂ ವಿಟಮಿನ್ ಸಿ ಇದೆ, ಈ ವಯಸ್ಸಿನ ದಿನದ ಪಾಲು 30. ವಿಟಮಿನ್ ಸಿ ನೇರವಾಗಿ ಸೀಸ ಇಳಿಸುತ್ತದೆ ಎಂದು ಪಟ್ಟಿಯಲ್ಲಿ ಬರೆಯಬೇಡಿ. ಧಾನ್ಯ, ಸೊಪ್ಪಿನ ಕಬ್ಬಿಣವನ್ನು ಹೀರುವಂತೆ ಮಾಡುತ್ತದೆ, ಅದು ಸಾಕಷ್ಟು ದೊಡ್ಡ ಕೆಲಸ. ಸಿರಪ್ಪನ್ನು ನಾಲಿಗೆಯ ಹಿಂಭಾಗಕ್ಕೆ ಬಿಟ್ಟು ನೀರು ಕುಡಿಸಿ, ಇಲ್ಲದಿದ್ದರೆ ಹಲ್ಲು ಕಪ್ಪಾಗುತ್ತದೆ. ಮಲ ಕಪ್ಪಗಾಗುವುದನ್ನು ಮೊದಲೇ ಹೇಳಿಡಿ. ಹೇಳದ ಮನೆಗಳಲ್ಲಿ ನಾಲ್ಕನೇ ದಿನಕ್ಕೆ ಶೀಶೆ ಮೂಲೆ ಸೇರುತ್ತದೆ.

ರಾತ್ರಿ ಎಂಟಕ್ಕೆ 30 ಗ್ರಾಂ ಹಿಟ್ಟಿನ ಮುದ್ದೆ, ಹುರಳಿಕಾಳಿನ ಬಸ್ಸಾರು. ಮಗುವಿಗೆ ಬರೀ ಕಟ್ಟು ಬಡಿಸಿ ಕಾಳು ದೊಡ್ಡವರಿಗೆ ಹೋಗುವುದು ವಾಡಿಕೆ. ಇಲ್ಲಿ ಅದನ್ನು ತಿರುಗಿಸಿ, 20 ಗ್ರಾಂ ಒಣಕಾಳಿನಷ್ಟು ಬೆಂದ ಕಾಳನ್ನು ಮಸೆದು ಸಾರಿಗೆ ಸೇರಿಸಿ. ವಾರಕ್ಕೆ ಮೂರು ಸಲ 20 ಗ್ರಾಂ ನುಗ್ಗೆಸೊಪ್ಪು. ನಿಂಬೆ ಹಿಂಡುವುದು ಒಲೆಯಿಂದ ಇಳಿಸಿದ ಮೇಲೆ, ಕುದಿಯುವಾಗ ಹಿಂಡಿದರೆ ವಿಟಮಿನ್ ಸಿ ಬಹಳಷ್ಟು ಹೋಗುತ್ತದೆ. ಮಾಂಸ ತಿನ್ನುವ ಮನೆಯಾದರೆ ವಾರಕ್ಕೆರಡು ದಿನ 30 ಗ್ರಾಂ ಕೈಮಾ. ಮಾಂಸದ ಕಬ್ಬಿಣ ಸುಲಭವಾಗಿ ಸೇರುತ್ತದೆ, ಜೊತೆಯ ಕಾಳಿನ ಕಬ್ಬಿಣವನ್ನೂ ಎಳೆದುಕೊಳ್ಳುತ್ತದೆ.

ಕೂಡಿಸಿ ನೋಡಿ: ರಾಗಿ 50 ಗ್ರಾಂಗೆ 180, ಹಾಲು 250 ಮಿ.ಲೀ.ಗೆ ಹತ್ತಿರ ಹತ್ತಿರ 300, ಸೊಪ್ಪಿನ ದಿನ 60. ಕ್ಯಾಲ್ಸಿಯಂ 500 ಆಗಿಹೋಯಿತು. ಹಾಲನ್ನು ದಿನಕ್ಕೆ 400 ಮಿ.ಲೀ. ದಾಟಿಸಬೇಡಿ, ಹಾಲಿನಿಂದಲೇ ಹೊಟ್ಟೆ ತುಂಬಿದ ಮಗುವಿಗೆ ಕಬ್ಬಿಣ ಇನ್ನೂ ಕೆಳಗಿಳಿಯುತ್ತದೆ. ಕಬ್ಬಿಣ ಮಾತ್ರ ಈ ಊಟದಲ್ಲಿ 5ರಿಂದ 6 ಮಿ.ಗ್ರಾಂ ಸಿಕ್ಕರೆ ಪುಣ್ಯ, ಬೇಕಾದದ್ದು 8. ಸಿಕ್ಕಿದ್ದರಲ್ಲೂ ರಕ್ತಕ್ಕೆ ಸೇರುವುದು ಸಣ್ಣ ಪಾಲು. ಆದ್ದರಿಂದ ‘ಸೊಪ್ಪು ತಿನ್ನಿಸುತ್ತೇವೆ, ಸಿರಪ್ ಬೇಡ’ ಅಂದರೆ ಒಪ್ಪಬೇಡಿ.

ಎರಡರ ಜಗಳದ ಬಗ್ಗೆ: ಕ್ಯಾಲ್ಸಿಯಂ ಕಬ್ಬಿಣವನ್ನು ತಡೆಯುವುದು ಒಂದೇ ಹೊತ್ತಿನಲ್ಲಿ, ಹೆಚ್ಚಿನ ಪ್ರಮಾಣದಲ್ಲಿ ಎದುರಾದಾಗ. ಸಿರಪ್ಪನ್ನು ದೂರ ಇಟ್ಟರೆ ಸಾಕು. ಮಜ್ಜಿಗೆ ಹಾಕಿದ ಅಂಬಲಿಗೆಲ್ಲ ಹೆದರಬೇಡಿ. ಟೀ ಮಾತ್ರ ಪೂರ್ತಿ ನಿಲ್ಲಬೇಕು. ರೂಢಿ ತಪ್ಪಿಸಲು ಅದೇ ಲೋಟದಲ್ಲಿ, ಅದೇ ಹೊತ್ತಿಗೆ ಬೆಲ್ಲದ ರಾಗಿ ಗಂಜಿ ಕೊಡಿ.

ರೇಷನ್ನಿನ ಸಾರವರ್ಧಿತ ಅಕ್ಕಿಯ ಬಗ್ಗೆಯೂ ಕೇಳಿನೋಡಿ. ನೂರು ಕಾಳಿಗೆ ಒಂದರಂತೆ ಬೆರೆಸಿರುವ ಕಾಳನ್ನು ‘ಪ್ಲಾಸ್ಟಿಕ್ ಅಕ್ಕಿ’ ಎಂದು ಆರಿಸಿ ಬಿಸಾಡುವವರು ಬಹಳ. ಕಬ್ಬಿಣ ಇರುವುದು ಆ ಕಾಳಿನಲ್ಲೇ. ಹಾಗೆಂದು ಡಾಕ್ಟ್ರು ಹೇಳಿದ ಪ್ರಯೋಗದ ಅಕ್ಕಿಗೆ ಇದನ್ನು ಹೋಲಿಸಬೇಡಿ. ಇದರಲ್ಲಿ ಕೆ.ಜಿ.ಗೆ 28ರಿಂದ 42.5 ಮಿ.ಗ್ರಾಂ, ಮಗು ತಿನ್ನುವ 60 ಗ್ರಾಂಗೆ ಎರಡು ಮಿ.ಗ್ರಾಂ ಆಸುಪಾಸು.


ಧೂಳುಮಾಪಕ (ಔದ್ಯೋಗಿಕ ಆರೋಗ್ಯ) ಉತ್ತರ:

ಇಬ್ಬರೂ ಸರಿಯಾಗಿ ಹೇಳಿದ್ದಾರೆ, ಆದರೆ ನಾನಾಗಿದ್ದರೆ ಈ ಥ್ರೆಡ್ಡನ್ನೇ ತಲೆಕೆಳಗು ಮಾಡಿ ಬರೆಯುತ್ತಿದ್ದೆ. ಕರುಳು ಹೀರುವುದನ್ನು ಅರ್ಧಕ್ಕೆ ಇಳಿಸಿ, ಧೂಳು ಎರಡರಷ್ಟಾದರೆ ಅಂಕಿ ಅಲ್ಲೇ ನಿಲ್ಲುತ್ತದೆ.

ಬ್ಯಾಟರಿ ಬಿಚ್ಚುವಾಗ ಪ್ಲೇಟಿನ ಪೇಸ್ಟ್ ಒಣಗಿ ಹಿಟ್ಟಿನಂತಾಗುತ್ತದೆ. ಅದು ಸೀಸದ ಆಕ್ಸೈಡ್, ಸಲ್ಫೇಟ್. ಬಟ್ಟೆ, ಕೂದಲು, ಚಪ್ಪಲಿ, ಮೊಬೈಲು, ಬೈಕಿನ ಸೀಟು, ಊಟದ ಡಬ್ಬಿ ಎಲ್ಲದರ ಮೇಲೂ ಕೂತು ಮನೆಗೆ ಬರುತ್ತದೆ. ತಂದೆ ಕೆಲಸದ ಬಟ್ಟೆಯನ್ನು ಅಂಗಡಿಯಲ್ಲೇ ಬಿಚ್ಚಬೇಕು, ತಲೆಗೂ ನೀರು ಹಾಕಿಕೊಂಡು ಸ್ನಾನ ಮಾಡಬೇಕು, ಆಮೇಲೆ ಮಗುವನ್ನು ಎತ್ತಿಕೊಳ್ಳಬೇಕು. ಆ ಬಟ್ಟೆ ಬೇರೆ ಬಕೆಟ್ಟಿನಲ್ಲಿ, ಒಗೆಯುವುದು ಅವರೇ, ಬಸುರಿ ಹೆಂಡತಿ ಅಲ್ಲ. ಕೊಡವಬಾರದು. ಅಂಗಡಿಗೂ ಮನೆಗೂ ನಡುವೆ ಬಾಗಿಲಿದ್ದರೆ ಮುಚ್ಚಿ, ಬೇರೆ ಕಡೆಯಿಂದ ಓಡಾಡಲಿ. ಸೀಸ ಕರಗಿಸಿ ಎರಕ ಹೊಯ್ಯುತ್ತಿದ್ದರೆ ಅದು ಆ ಜಾಗದಲ್ಲಿ ಅಂದೇ ನಿಲ್ಲಬೇಕು, ಇದರಲ್ಲಿ ರಾಜಿಯಿಲ್ಲ. ತಂದೆಯ ರಕ್ತವನ್ನೂ ಪರೀಕ್ಷೆ ಮಾಡಿಸಿ.

ಪೊರಕೆ ಹಾಕಿದರೆ ಧೂಳು ಎದ್ದು ಮತ್ತೆ ಕೂರುತ್ತದೆ. ಎರಡು ಬಕೆಟ್, ಒಂದರಲ್ಲಿ ಸೋಪಿನ ನೀರು, ಇನ್ನೊಂದರಲ್ಲಿ ಬರೀ ನೀರು. ಒರೆಸಿ, ಬರೀ ನೀರಿನಲ್ಲಿ ಹಿಂಡಿ, ಮತ್ತೆ ಸೋಪಿಗೆ ಅದ್ದಿ. ಕಿಟಕಿಯ ಕಟ್ಟೆ, ಹೊಸಿಲು, ಮಂಚದ ಕೆಳಗೆ ಮರೆಯಬೇಡಿ. ಮುದ್ದೆ ಕೈಯಲ್ಲೇ ತಿನ್ನುವ ಊಟ, ಆದ್ದರಿಂದ ಪ್ರತಿ ಸಲ ಸೋಪು ಹಾಕಿ ಕೈ ತೊಳೆಸಿ, ಉಗುರು ವಾರಕ್ಕೊಮ್ಮೆ ಕತ್ತರಿಸಿ. ಸ್ಯಾನಿಟೈಸರ್ ಸೀಸ ತೆಗೆಯುವುದಿಲ್ಲ.

ಗೋಡೆ ವಿಷಯ. ಬರೀ ಸುಣ್ಣ ಬಳಿದ ಪದರದಲ್ಲಿ ಸೀಸದ ಭಯ ಕಡಿಮೆ, ಅದರ ಕೆಳಗೆ ಹಳೆಯ ಎನಾಮೆಲ್ ಇದ್ದರೆ ಕಥೆ ಬೇರೆ. ಮನೆ ಬಣ್ಣಗಳಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90) ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಹಳದಿ, ಕೆಂಪು, ಹಸಿರು ಎನಾಮೆಲ್ ಬಾಗಿಲು ಕಿಟಕಿಗಳ ಮೇಲೆ ಹೆಚ್ಚು ಅನುಮಾನ ಇರಲಿ. ಹಬ್ಬಕ್ಕೆ ಬಣ್ಣ ಹೊಡೆಸುವಾಗ ಒಣ ಮರಳುಕಾಗದದಿಂದ ಉಜ್ಜಿಸಬೇಡಿ. ನೀರು ಚಿಮುಕಿಸಿ ಒದ್ದೆಯಲ್ಲೇ ಕೆರೆಸಿ, ಬಸುರಿ ಮತ್ತು ಮಕ್ಕಳು ಅಷ್ಟು ದಿನ ಬೇರೆ ಮನೆಯಲ್ಲಿರಲಿ.

ಅಡುಗೆಮನೆಯಲ್ಲಿ ಮೂರು ಕಡೆ ಕಣ್ಣಿಡಿ. ಒಂದು, ಕಲಾಯಿ. ಶುದ್ಧ ತವರದ ಬದಲು ಸೀಸ ಬೆರೆತ ತವರ ಹಾಕಿದ ಪಾತ್ರೆಯಲ್ಲಿ ಹುಣಸೆಹುಳಿಯ ಸಾರು ಕುದಿಸಿದರೆ ಸೀಸ ಸಾರಿಗಿಳಿಯುತ್ತದೆ. ಗುಜರಿ ಲೋಹದಿಂದ ಎರಕ ಹೊಯ್ದ ಅಲ್ಯೂಮಿನಿಯಂ ಪಾತ್ರೆಯ ಕಥೆಯೂ ಅದೇ. ಹುಳಿ ಇರುವುದೆಲ್ಲ ಸ್ಟೀಲಿನಲ್ಲಿ ಆಗಲಿ. ಎರಡು, ಕಾಡಿಗೆ. ಕೊಂಡುತಂದ ಸುರ್ಮಾದ ಕೆಲವು ಬಗೆಗಳು ಸೀಸದ ಸಲ್ಫೈಡೇ. ಹರಳೆಣ್ಣೆ ದೀಪದ ಮಸಿಯಿಂದ ಮಾಡಿದ್ದಕ್ಕೆ ಆ ದೋಷವಿಲ್ಲ. ಮೂರು, ಅರಿಸಿನ. ಹೊಳಪಿಗಾಗಿ ಸೀಸದ ಕ್ರೋಮೇಟ್ ಹಚ್ಚುವ ಚಾಳಿ ಇದೆ. ಬಾಂಗ್ಲಾದೇಶದಲ್ಲಿ 2019ರಲ್ಲಿ ಮಾರುಕಟ್ಟೆಯ ಅರಿಸಿನ ಮಾದರಿಗಳಲ್ಲಿ ಶೇ. 47ರಲ್ಲಿ ಅದು ಸಿಕ್ಕಿತ್ತು. ಬಿಗಿಯಾಗಿ ಹಿಡಿದು ದಂಡ ಹಾಕಿದ ಮೇಲೆ 2021ಕ್ಕೆ ಸೊನ್ನೆಗೆ ಬಂತು.

ಅರಿಸಿನದ ಲೆಕ್ಕ ಮಾಡಿನೋಡಿ. ನಮ್ಮಲ್ಲಿ ಅರಿಸಿನಕ್ಕೆ ಸೀಸದ ಮಿತಿ 10 ಪಿಪಿಎಂ, ಅಂದರೆ ಗ್ರಾಂಗೆ 10 ಮೈಕ್ರೊಗ್ರಾಂ. ಮಗು ದಿನಕ್ಕೆ ಅರ್ಧ ಗ್ರಾಂ ತಿಂದರೆ 5 ಮೈಕ್ರೊಗ್ರಾಂ. ಆಹಾರದಿಂದ ಮಗುವಿಗೆ ದಿನಕ್ಕೆ 2.2 ಮೈಕ್ರೊಗ್ರಾಂ ಮೀರದಿರಲಿ ಎಂದು ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇಟ್ಟುಕೊಂಡ ಗುರುತಿಗೆ ಅದೇ ಎರಡರಷ್ಟು. ಬಣ್ಣ ಹಚ್ಚಿದ ಕೊಂಬಿನಲ್ಲಿ 500 ಪಿಪಿಎಂ ಇದ್ದರೆ ಅದೇ ಅರ್ಧ ಗ್ರಾಂನಲ್ಲಿ 250. ಅಷ್ಟು ಒಳಗೆ ಹೋಗುತ್ತಿರುವಾಗ ಯಾವ ರಾಗಿಯೂ ಕಾಯುವುದಿಲ್ಲ. ಸಂತೆಯ ಮಿರಿಮಿರಿ ಹಳದಿ ಕೊಂಬನ್ನು ನೀರಿಗೆ ಹಾಕಿದ ತಕ್ಷಣ ದಟ್ಟ ಬಣ್ಣ ಬಿಟ್ಟರೆ ಬಳಸಬೇಡಿ. ಬಣ್ಣ ಬಿಡಲಿಲ್ಲ ಎಂದಮಾತ್ರಕ್ಕೆ ಶುದ್ಧ ಎಂದೂ ಅಲ್ಲ, ಖಚಿತವಾಗಬೇಕಾದರೆ ಎನ್‌ಎಬಿಎಲ್ ಮಾನ್ಯತೆಯ ಲ್ಯಾಬ್ ಬೇಕು.

ಪಕ್ಕದ ಮಾತು: ಮನೆಯವರಿಗೆ ‘ಸೀಸ’ ಎಂದರೆ ಸೀಸದ ಕಡ್ಡಿ ನೆನಪಾಗಿ ಶಾಲೆಯ ಪೆನ್ಸಿಲ್ ಕಸಿದುಕೊಳ್ಳುತ್ತಾರೆ. ಪೆನ್ಸಿಲಿನಲ್ಲಿರುವುದು ಗ್ರಾಫೈಟ್. ‘ಬ್ಯಾಟರಿ ಪ್ಲೇಟಿನ ಲೋಹ’ ಎಂದು ಹೇಳಿ, ಕೂಡಲೇ ಅರ್ಥವಾಗುತ್ತದೆ.


ಹೊರನಾಡಿಗ (ನ್ಯೂಜೆರ್ಸಿ) ಉತ್ತರ:

ಪಾತ್ರೆಯ ಮಾತಿಗೆ ಒಂದು ಸೇರಿಸುತ್ತೇನೆ. ಇಲ್ಲಿ ಒಂದು, ಎರಡನೇ ವರ್ಷ ತುಂಬುವಾಗ ಮಕ್ಕಳಿಗೆ ಸೀಸದ ಪರೀಕ್ಷೆ ಮಾಡುವುದರಿಂದ ನಮ್ಮವರ ಮನೆಗಳ ಕೇಸುಗಳು ಬೇಗ ಹೊರಬೀಳುತ್ತವೆ. 2021ರಿಂದ ಸಿಡಿಸಿ (ಇಲ್ಲಿನ ರೋಗ ನಿಯಂತ್ರಣ ಸಂಸ್ಥೆ) 3.5ಕ್ಕೇ ಗಮನ ಕೊಡುತ್ತದೆ. ಅದು ವಿಷದ ಗಡಿಯಲ್ಲ, ಉಳಿದ ಮಕ್ಕಳಿಗಿಂತ ಹೆಚ್ಚಿದೆ ಎಂಬ ಸೂಚನೆ. ಮನೆ ಹೊಸದು, ಪೇಂಟ್ ಹೊಸದು, ಆದರೂ 6, 7 ಎಂದು ಬಂದರೆ ಊರಿನಿಂದ ತಂದ ಸಾಮಾನನ್ನು ನೋಡಬೇಕು: ಹಿಂಡಾಲಿಯಂ (ಅಲ್ಯೂಮಿನಿಯಂ ಮಿಶ್ರಲೋಹ) ಬಾಣಲೆ, ಹಿತ್ತಾಳೆ ಪಾತ್ರೆ, ಬಿಡಿ ಅರಿಸಿನ, ಭಸ್ಮ ಸೇರಿದ ಔಷಧ. ನಾಗಭಸ್ಮ ಎಂದರೆ ಸೀಸದ್ದೇ. 2025ರ ಆಗಸ್ಟಿನಲ್ಲಿ ಎಫ್‌ಡಿಎ ಇಂಥ ಆಮದು ಪಾತ್ರೆಗಳ ಬಗ್ಗೆಯೇ ಎಚ್ಚರಿಕೆ ಕೊಟ್ಟಿತು. ತಿಕ್ಕಿ ತೊಳೆದರೆ ಹೋಗುವ ದೋಷವಲ್ಲ, ಲೋಹದಲ್ಲೇ ಬೆರೆತಿರುತ್ತದೆ.


ಸೂಜಿಮಲ್ಲಿಗೆ:

ಎಲ್ಲರಿಗೂ ಧನ್ಯವಾದ. ಪಟ್ಟಿ ಪೂರ್ತಿ ಬದಲಾಯಿತು. ಇನ್ನು ಎರಡೇ ಪ್ರಶ್ನೆ. ತಾಯಿಗೆ ಐದು ತಿಂಗಳಲ್ಲವೇ, ಅವರಿಗೆ ಕ್ಯಾಲ್ಸಿಯಂ ಮಾತ್ರೆ ಕೊಟ್ಟಿದ್ದಾರೆ, ‘ಮಗು ದಪ್ಪ ಆಗುತ್ತೆ’ ಎಂದು ಅತ್ತೆ ನಿಲ್ಲಿಸಿದ್ದಾರಂತೆ. ಮತ್ತೆ, ಮರುಪರೀಕ್ಷೆಗೆ ಹತ್ತಿರದ ಲ್ಯಾಬ್‌ನವರು ಬೆರಳು ಚುಚ್ಚಿ ನೋಡುತ್ತೇವೆ ಅನ್ನುತ್ತಿದ್ದಾರೆ, ಸಾಕೇ?


ಮಕ್ಕಳವಾರ್ಡ್:

ತಾಯಿಯ ಮಾತ್ರೆ ಇವತ್ತೇ ಶುರುವಾಗಲಿ. ಮಗುವಿನ ಕ್ಯಾಲ್ಸಿಯಂ ಬಗ್ಗೆ ನಾನು ತಣ್ಣಗೆ ಬರೆದೆ, ತಾಯಿಯ ವಿಷಯದಲ್ಲಿ ಹಾಗಲ್ಲ. ಬಸಿರಿನಲ್ಲಿ ಶಿಶುವಿನ ಎಲುಬಿಗಾಗಿ ತಾಯಿಯ ಮೂಳೆ ಕರಗುತ್ತದೆ, ವರ್ಷಗಟ್ಟಲೆ ಅಲ್ಲಿ ಕೂತಿದ್ದ ಸೀಸವೂ ಅದರ ಜೊತೆ ರಕ್ತಕ್ಕೆ ಬಂದು ಮಾಸು (ಪ್ಲಸೆಂಟಾ) ದಾಟುತ್ತದೆ. ಮೆಕ್ಸಿಕೋ ನಗರದಲ್ಲಿ ಬಸುರಿಯರಿಗೆ ದಿನಕ್ಕೆ 1,200 ಮಿ.ಗ್ರಾಂ ಕ್ಯಾಲ್ಸಿಯಂ ಕೊಟ್ಟಾಗ ರಕ್ತದ ಸೀಸ ಸರಾಸರಿ ಶೇ. 11 ಕಡಿಮೆ ಇತ್ತು. ನಮ್ಮ ಸರ್ಕಾರಿ ಕ್ರಮ 14ನೇ ವಾರದಿಂದ ದಿನಕ್ಕೆರಡು 500 ಮಿ.ಗ್ರಾಂ ಮಾತ್ರೆ, ಹೆರಿಗೆಯ ನಂತರ ಆರು ತಿಂಗಳವರೆಗೆ. ಎರಡೂ ಊಟದ ಜೊತೆ, ಐಎಫ್‌ಎ ಮಾತ್ರೆಯಿಂದ ಎರಡು ಗಂಟೆ ದೂರ. ಮಧ್ಯಾಹ್ನ ಒಂದು, ರಾತ್ರಿ ಒಂದು, ಕಬ್ಬಿಣ ಬೆಳಗಿನ ತಿಂಡಿಯಾದ ಎರಡು ಗಂಟೆಗೆ ಎಂದರೆ ಲೆಕ್ಕ ತಪ್ಪುವುದಿಲ್ಲ. ಅತ್ತೆಯವರನ್ನೂ ಕರೆದು ಕೂರಿಸಿ ಹೇಳಿ: ಕ್ಯಾಲ್ಸಿಯಂನಿಂದ ಮಗು ದಪ್ಪ ಆಗುವುದಿಲ್ಲ, ಅದು ತಾಯಿಯ ಮೂಳೆ ಉಳಿಸುವುದಕ್ಕೆ. ತಾಯಿಯ ರಕ್ತದ ಸೀಸವನ್ನೂ ಈಗಲೇ ನೋಡಿ. ಹೆರಿಗೆಯಾದ ಮೇಲೆ ಎದೆಹಾಲು ನಿಲ್ಲಿಸಬೇಕೇ ಎಂದು ಕೇಳುತ್ತಾರೆ, ತಾಯಿಯ ಅಂಕಿ 40ಕ್ಕಿಂತ ಕೆಳಗಿದ್ದರೆ ನಿಲ್ಲಿಸುವ ಮಾತೇ ಇಲ್ಲ.


ಧೂಳುಮಾಪಕ:

ಬೆರಳು ಚುಚ್ಚುವುದು ಬೇಡ. ಈ ಮಗುವಿನ ಬೆರಳ ಮೇಲೇ ಸೀಸದ ಧೂಳಿದೆ, ಒಂದು ಕಣ ಹನಿಗೆ ಸೇರಿದರೆ ಅಂಕಿ ಸುಳ್ಳಾಗಿ ಏರುತ್ತದೆ. ಮೊದಲ ಸಲ ರಕ್ತನಾಳದಿಂದ ತೆಗೆದದ್ದಕ್ಕೆ ಮರುಪರೀಕ್ಷೆಯೂ ಅಲ್ಲಿಂದಲೇ, ಆದಷ್ಟು ಅದೇ ಲ್ಯಾಬಿನಲ್ಲಿ, ಅದೇ ವಿಧಾನದಲ್ಲಿ ಆಗಬೇಕು. ಬೇಕಾದದ್ದು ಇಡೀ ರಕ್ತ. ಸೀಸದ ಬಹುಪಾಲು ಕೆಂಪುಕಣಗಳಲ್ಲೇ ಇರುವುದರಿಂದ ಸೀರಂ (ಕಣಗಳನ್ನು ತೆಗೆದ ಮೇಲೆ ಉಳಿಯುವ ತಿಳಿ) ಕಳಿಸಿದರೆ ಏನೂ ತಿಳಿಯುವುದಿಲ್ಲ. ಸೀಸಮುಕ್ತ ಎಂದು ದೃಢೀಕರಿಸಿದ ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ತಡೆಯುವ) ಟ್ಯೂಬ್ ಕೇಳಿ, ತುಂಬಿದ ಕೂಡಲೇ ಎಂಟು ಹತ್ತು ಸಲ ಮೆಲ್ಲಗೆ ತಲೆಕೆಳಗು ಮಾಡಲಿ. ಗರಣೆ ಕಟ್ಟಿದರೆ ಸ್ಯಾಂಪಲ್ ವಾಪಸ್ ಬರುತ್ತದೆ. ಸೂಜಿ ಹಾಕುವ ಮೊದಲು ತೋಳನ್ನು ಸೋಪು ನೀರಿನಿಂದ ತೊಳೆದು ಆಮೇಲೆ ಸ್ಪಿರಿಟ್ ಹಚ್ಚಲಿ. ವರದಿ ಬಂದಾಗ ಅಂಕಿಗಿಂತ ಮೊದಲು ಮಾನ ನೋಡಿ. ಕೆಲವು ಲ್ಯಾಬ್‌ಗಳು ಲೀಟರಿಗೆ ಮೈಕ್ರೊಗ್ರಾಂ ಎಂದು ಕೊಡುತ್ತವೆ, ಅಲ್ಲಿ 98 ಎಂದಿದ್ದರೆ ನಿಮ್ಮ ಲೆಕ್ಕಕ್ಕೆ 9.8.